ಭಾವನ ಪಾಪೆ ಕುಗ್ಗಿತು

ಬೀದಿಯವರ ಬಾಯಲ್ಲಿ ಆಕೆ ಟೈಲರಕ್ಕ. ಮುಂದಿನ ಕೋಣೆಯಲ್ಲಿ ಆಕೆಯ ಹೊಲಿಗೆ ಯಂತ್ರ, ಹಿಂದಿನ ಕತ್ತಲೆ ಕೋಣೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವ ಗಂಡ. ಅವರ ದೃಷ್ಟಿ ಪೂರ್ತಿ ಹೋಗಿ ಒಂಬತ್ತು ವರ್ಷವಾಗಿತ್ತು. ಕಣ್ಣು ಹೋದರೂ ಕೈ ಸೋತಿರಲಿಲ್ಲ. ಬಾಯಂತೂ ಮೊದಲಿಗಿಂತ ಚುರುಕಾಗಿತ್ತು. ಅವರನ್ನು ಮಾತಿನಲ್ಲಿ ಗೆಲ್ಲಲಾಗದೆ ಟೈಲರಕ್ಕ ಬೇರೆ ದಾರಿ ಹಿಡಿದಿದ್ದಳು: ಎದುರಿಗೆ ನಿಂತು ಸದ್ದಿಲ್ಲದೆ ನಾಲಿಗೆ ಚಾಚುವುದು, ಮೂತಿ ತಿರುವುವುದು, ತೀರಾ ಸಿಟ್ಟು ಬಂದರೆ ಎರಡೂ ಕಿವಿ ಹಿಡಿದು ಮಂಗನಂತೆ ಅಣಕಿಸುವುದು. ಮನಸ್ಸು ಹಗುರಾಗುತ್ತಿತ್ತು, ಯಾರಿಗೂ ನೋವಿಲ್ಲ.

ಅವಳ ತಮ್ಮ ಕರೆಂಟ್ ರಿಪೇರಿಯವನು. ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದುದರಿಂದ ಮನೆಯವರು ಅವನಿಗೆ ಇಟ್ಟ ಹೆಸರು ಪತ್ತೇದಾರ. ಒಂದು ಭಾನುವಾರ ಹಿಂದಿನ ಕೋಣೆಯ ಸ್ವಿಚ್ಚು ಸರಿಮಾಡಲು ಬಂದವನು ಫ್ಯೂಸ್ ಕಿತ್ತು, ಹಣೆಗೆ ಟಾರ್ಚ್ ಕಟ್ಟಿಕೊಂಡು, "ಭಾವ, ಸ್ವಲ್ಪ ಸರೀರಿ" ಎನ್ನುತ್ತಾ ಬಗ್ಗಿದ. ಬಗ್ಗಿದವನು ಬಗ್ಗಿಯೇ ಉಳಿದ. ಅಗಲವಾಗಿದ್ದ ಭಾವನ ಕಣ್ಣಿನ ಪಾಪೆ ಬೆಳಕು ಬಿದ್ದಂತೆ ಮೆಲ್ಲಮೆಲ್ಲಗೆ ಕುಗ್ಗಿ ಎಳ್ಳುಕಾಳಿನಷ್ಟಾಯಿತು. ಮುಖ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟು ಓರೆಗಣ್ಣಲ್ಲಿ ನೋಡಿದ, ಮತ್ತೆ ಅಗಲ. ಬೆಳಕು ಬಿಟ್ಟ, ಮತ್ತೆ ಎಳ್ಳು.

ಅಕ್ಕನನ್ನು ಅಡುಗೆಮನೆಗೆ ಎಳೆದೊಯ್ದ.

"ಅಕ್ಕಾ, ಭಾವಂಗೆ ಕಣ್ಣು ಕಾಣುತ್ತೆ!"

"ನಿನ್ ತಲೆ!"

"ಬೆಳಕು ಕಾಣ್ದೇ ಇದ್ರೆ ಪಾಪೆ ಯಾಕೆ ಚಿಕ್ಕದಾಗುತ್ತೆ ಹೇಳು? ಒಂಬತ್ತು ವರ್ಷದಿಂದ ನಾಟಕ ಆಡ್ತಿದಾರೆ."

ಗಂಡ ಮೋಸ ಮಾಡಿದರೆಂಬ ದುಃಖ ಟೈಲರಕ್ಕನ ಹತ್ತಿರವೂ ಸುಳಿಯಲಿಲ್ಲ. ಒಂಬತ್ತು ವರ್ಷದ ಅಣಕವೆಲ್ಲ ಸಾಲುಗಟ್ಟಿ ನೆನಪಾಯಿತು. ಅತ್ತೆ ತೀರಿಕೊಂಡ ವಾರವೂ ಒಮ್ಮೆ ನಾಲಿಗೆ ಚಾಚಿದ್ದಳಲ್ಲ! ಅಂದು ಸಂಜೆಯವರೆಗೂ ಹೊಸ ಸೊಸೆಯಂತೆ ತಲೆ ತಗ್ಗಿಸಿ ಓಡಾಡಿದಳು.

"ಯಾಕೆ ಇಷ್ಟು ಮೆತ್ತಗಿದೀಯ, ಜ್ವರಾನಾ?" ಎಂದರು ಗಂಡ.

ಮರುದಿನವೇ ಮೂವರೂ ಕಣ್ಣಿನ ಡಾಕ್ಟರಮ್ಮನ ಮುಂದೆ ಕೂತಿದ್ದರು. ಆಕೆ ಬಗೆಬಗೆಯ ಬೆಳಕು ಬಿಟ್ಟು ಪರೀಕ್ಷಿಸಿ, "ಇವರಿಗೆ ಏನೂ ಕಾಣಲ್ಲ" ಎಂದರು.

"ಮತ್ತೆ ಪಾಪೆ?" ಪತ್ತೇದಾರ ಬಿಡಲಿಲ್ಲ.

"ನೋಡೋ ಜೀವಕೋಶಗಳು ಸತ್ತಿವೆ. ಆದ್ರೆ ಕಣ್ಣಿನ ಹಿಂಪರದೇಲಿ ಇನ್ನೊಂದು ಜಾತಿ ಇದೆ, ಸ್ವಲ್ಪವೇ ಇರ್ತವೆ. ಅವು ಆಕಾರ ತೋರಿಸಲ್ಲ. ಬೆಳಕು ಎಷ್ಟಿದೆ ಅಂತ ಮಿದುಳಿಗೆ ಹೇಳ್ತವೆ. ಪಾಪೆ ಕುಗ್ಗೋದು, ದೇಹಕ್ಕೆ ಹಗಲಾಯ್ತು ಅಂತ ತಿಳಿಯೋದು ಅವುಗಳಿಂದ. ಇವರಲ್ಲಿ ಅವಿನ್ನೂ ಬದುಕಿವೆ. ನಿದ್ದೆ ಹೇಗಿದೆ?"

"ಹೊತ್ತಲ್ಲದ ಹೊತ್ತಲ್ಲಿ ಬರುತ್ತೆ" ಎಂದರು ಗಂಡ.

"ಕತ್ತಲೆ ಕೋಣೆ ಬಿಡಿ. ಬೆಳಗ್ಗೆ ಬೆಳಕಲ್ಲಿ ಕೂತ್ಕೊಳ್ಳಿ."

ಟೈಲರಕ್ಕ ಕುರ್ಚಿಯ ತುದಿಗೆ ಬಂದಿದ್ದಳು. "ಅಂದ್ರೆ ಡಾಕ್ಟ್ರೇ, ಎದುರಿಗಿರೋರ ಮುಖ... ನಾಲಿಗೆ ಗೀಲಿಗೆ... ಏನೂ ಕಾಣಲ್ಲ ತಾನೆ?"

"ಯಾರ ನಾಲಿಗೆ?"

ಹೊರಗಿನ ಬೆಂಚಿನ ಮೇಲೆ ಗಂಡನೂ ಅದನ್ನೇ ಕೇಳಿದರು. ಟೈಲರಕ್ಕ ಎಲ್ಲ ಒಪ್ಪಿಕೊಂಡಳು, ಅತ್ತೆಯ ವಾರದ್ದನ್ನೂ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೊತ್ತಿತ್ತು ಕಣೇ. ನೀನು ಜಗಳದ ಮಧ್ಯೆ ಸುಮ್ನಾಗೋದು ಅಂದ್ರೆ ಸುಮ್ನೇನಾ? ಬಳೆ ಸದ್ದು ಬೇರೆ ಕಿವಿ ಹತ್ರ ಹೋಗ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಸುಮ್ನೆಲ್ಲಿದ್ದೆ? ನೀನು ಮಿಷನ್ ಕಡೆ ತಿರುಗಿ ಹೊಲಿಗೆ ಶುರು ಮಾಡಿದ ತಕ್ಷಣ ನಾನೂ ಬಾಗಿಲಿಗೆ ಬಂದು ಅಣಕಿಸ್ತಿದ್ದೆ."

ಟೈಲರಕ್ಕ ಬಾಯಿ ತೆರೆದು ತಮ್ಮನತ್ತ ನೋಡಿದಳು. "ಹೌದಕ್ಕ," ಎಂದ ಪತ್ತೇದಾರ ತಲೆ ಕೆರೆದುಕೊಳ್ಳುತ್ತಾ, "ನಾನೇ ಎಷ್ಟೋ ಸಲ ನೋಡಿದೀನಿ. ಹಲ್ಲುನೋವು ಅಂದ್ಕೊಂಡಿದ್ದೆ."

ಮರುದಿನ ಬೆಳಗ್ಗೆ ಬೆತ್ತದ ಕಟ್ಟು, ಕುರ್ಚಿ, ಮಣೆ ಎಲ್ಲ ಮುಂದಿನ ಕೋಣೆಯ ಕಿಟಕಿಗೆ ಬಂದವು. ಗಿರಾಕಿಗಳು ಎಡವಿದರು. ಗಂಡನ ಮುಖದ ಮೇಲೆ ಬಿಸಿಲು ಬಿತ್ತು. "ನನ್ನ ಸೂಜಿಗೆ ಬರೋ ಬೆಳಕೆಲ್ಲ ನೀವೇ ತಿಂತಿದೀರ" ಎಂದು ಟೈಲರಕ್ಕ ಜಗಳ ಶುರುಮಾಡಿದಳು.