ಮಡಿ ತುಂಬೈತಿ, ನೀರು ತಿರುವಬೇಕು

ತಂಬ್ರಹಳ್ಳಿಯ ಗಂಗಾಂಬಿಕಾಳ ಮಟ್ಟಿಗೆ ನಿದ್ದೆ ಎಂಬುದು ಹೊತ್ತುಗೊತ್ತಿಲ್ಲದೆ ಬರುವ ನೆಂಟನಂತಿತ್ತು. ರಾತ್ರಿ ಹಾಸಿ ಹೊದ್ದು ಕಾದರೆ ಇತ್ತ ಸುಳಿಯುತ್ತಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಮಾತ್ರ ಹಿಂದಿನಿಂದ ಬಂದು ಎರಡೂ ಕೈಯಿಂದ ಕಣ್ಣು ಮುಚ್ಚುತ್ತಿತ್ತು. ಆ ಶನಿವಾರವೂ ಹಾಗೇ ಆಯಿತು. ಹಂಚಿನ ಮೇಲಿನ ಜೋಳದ ರೊಟ್ಟಿ ಉಬ್ಬುತ್ತ ಉಬ್ಬುತ್ತ ಚಂದ್ರನಾಯಿತು. ಚಂದ್ರನ ಮೆತ್ತನೆಯ ಬದಿಗೆ ತಲೆಯಿಟ್ಟು ಅವಳು ಎಲ್ಲಿಗೋ ತೇಲಿದಳು. ತೇಲುತ್ತಿರುವಾಗಲೇ ಚಂದ್ರ ಸೀದ ವಾಸನೆ ಬಂತು.

"ಮಂದಿ ಮನ್ಯಾಗ ನಾಷ್ಟಾಕ್ಕ ಇಡ್ಲಿ. ನಮ್ಮನ್ಯಾಗ ಇದ್ದಲಿ," ಎಂದ ತಟ್ಟೆ ಮುಂದಿಟ್ಟುಕೊಂಡ ಗಂಡ ಅರುಣಕುಮಾರ್.

ಬೇರೆ ದಿನವಾಗಿದ್ದರೆ ಅವನದೇ ದನಿಯಲ್ಲಿ ಅದನ್ನು ತಿರುಗಿಸಿ ಅಂದುಬಿಡುತ್ತಿದ್ದಳು. ಇಂದು ನಾಲಿಗೆಯೂ ತೂಕಡಿಸುತ್ತಿತ್ತು.

ಅವಳ ಮಾವ ವೀರಭದ್ರಯ್ಯನವರಿಗೆ ಎಪ್ಪತ್ತಾರು. ನಲವತ್ತು ವರ್ಷ ಬೋರ್‌ವೆಲ್ ಹೊಲ ಮಾಡಿದವರು, ರಾತ್ರಿ ಪಾಳಿಯ ಕರೆಂಟ್ ಬಂದಾಗಲೆಲ್ಲ ಎದ್ದು ಹೋಗಿ ನೀರು ಹಾಯಿಸಿದವರು. ಎರಡು ವರ್ಷದ ಹಿಂದೆ ಡಾಕ್ಟರು ಅವರನ್ನು ನೋಡಿ, ಇದು ಮರೆವಿನ ಕಾಯಿಲೆ, ಡಿಮೆನ್ಷಿಯಾ ಎಂದಿದ್ದರು. ಆಮೇಲೆ ಅರುಣ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ತನ್ನ ಮೋಟಾರ್ ವೈಂಡಿಂಗ್ ಅಂಗಡಿ ನೋಡಿಕೊಂಡಿದ್ದ. ಮಾವನವರಿಗೆ ಹೊಲ ಕೊಟ್ಟದ್ದು ಮರೆತಿತ್ತು. ಹೊಲ ಮರೆತಿರಲಿಲ್ಲ. ರಾತ್ರಿ ಒಂದರ ಸುಮಾರಿಗೆ ಎದ್ದು ಗೋಡೆ ತಡವುತ್ತ, ಕರೆಂಟ್ ಬಂದಿದೆ, ಹೊಲಕ್ಕೆ ಹೋಗಬೇಕು ಎನ್ನುತ್ತಿದ್ದರು. "ಹೊಲ ನಮ್ಮ ಕೈಯಾಗಿಲ್ಲಪ್ಪ, ಸುಮ್ನ ಮಲಗು," ಎಂದು ಅರುಣ ತಡೆಯುತ್ತಿದ್ದ. ಅವರು ರೇಗುತ್ತಿದ್ದರು. ಇವನೂ ರೇಗುತ್ತಿದ್ದ. ಅವರನ್ನು ಮತ್ತೆ ಮಲಗಿಸುವಷ್ಟರಲ್ಲಿ ಹಾಸಿಗೆ ಒದ್ದೆಯಾಗುತ್ತಿತ್ತು. ಗಂಗಾಂಬಿಕಾ ಕೌದಿ ಬದಲಿಸಿ ಮಲಗುವಷ್ಟರಲ್ಲಿ ಮತ್ತೆ ಅದೇ ಕಥೆ. ಒಂದು ರಾತ್ರಿಗೆ ಐದು ಸಲ. ಸಂಜೆ ಐದರ ಮೇಲೆ ಅಪ್ಪನಿಗೆ ನೀರು ಕೊಡುವುದನ್ನೇ ಅರುಣ ನಿಲ್ಲಿಸಿ ನೋಡಿದ. ಹಾಸಿಗೆ ಒದ್ದೆಯಾಗುವುದು ನಿಲ್ಲಲಿಲ್ಲ. ವಾಸನೆ ಮಾತ್ರ ಖಾರವಾಯಿತು.

ಗುರುವಾರ ರಾತ್ರಿ ಮಾವನವರು ಬೀದಿ ಬಾಗಿಲು ತೆಗೆದುಕೊಂಡು ಹೋಗಿಬಿಟ್ಟಿದ್ದರು. ಹುಡುಕಿದಾಗ ಚರಂಡಿಯ ಅಂಚಿನಲ್ಲಿ ಕೂತಿದ್ದರು, ಮೊಣಕಾಲು ತರಚಿತ್ತು. ಮರುದಿನವೇ ಅರುಣ ಒಂದು ಕಬ್ಬಿಣದ ಚಿಲಕ ತಂದ.

"ನಾಳಿ ಐತವಾರ. ಅಪ್ಪನ ಕ್ವಾಣಿಗೆ ಹೊರಗಿಂದ ಬಡೀತೀನಿ," ಎಂದ ಈಗ ಕರಕಲು ರೊಟ್ಟಿ ಮುರಿಯುತ್ತ. "ರಾತ್ರಿ ಹತ್ತಕ್ಕ ಹಾಕೋದು, ಮುಂಜಾನಿ ತೆಗಿಯೋದು. ಹೈರಾಣ ಆಗ್ಯಾದ ಜೀವ."

ಗಂಗಾಂಬಿಕಾ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಕತ್ತಲ ಕೋಣೆಯೊಳಗಿಂದ ಮುದುಕರು ಬಾಗಿಲು ತಟ್ಟುವುದು ಕಣ್ಣಿಗೆ ಕಟ್ಟಿತು. ಆ ಸದ್ದು ನೀರಿನ ತಳಕ್ಕೆ ಇಳಿದಂತೆ ಸಣ್ಣಗಾಗುತ್ತ ಹೋಗಿ, ತಾನು ಬೆಳಗಿನವರೆಗೆ ಮಲಗಿರುವುದೂ ಕಣ್ಣಿಗೆ ಕಟ್ಟಿತು. ಆ ಎರಡನೆಯದು ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ರೇಖಾ ಬಂದಳು. ಊರಿನ ಆರೋಗ್ಯ ಉಪಕೇಂದ್ರದ ನರ್ಸ್, ಗಂಗಾಂಬಿಕಾಳ ಜೊತೆ ಹಗರಿಬೊಮ್ಮನಹಳ್ಳಿಯಲ್ಲಿ ಪಿಯುಸಿ ಓದಿದವಳು. ತಿಂಗಳಿಗೊಮ್ಮೆ ವೀರಭದ್ರಯ್ಯನವರ ಬಿ.ಪಿ. ನೋಡಿ ಹೋಗುತ್ತಿದ್ದಳು.

"ಏನ ಗಂಗಾ, ಕಣ್ಣ ಕೆಳಗೂ ಕಾಡಿಗಿ ಹಚ್ಚೀಯ?"

"ಕಾಡಿಗಿ ಅಲ್ಲಲೇ. ಕಾಡಿಸಿಕೊಂಡಿದ್ದು."

"ಅಜ್ಜಾರು ರಾತ್ರಿ ಏಳ್ತಾರೇನು?"

"ದಿನಾ. ಒಂದಕ್ಕ."

"ಒಂದಕ್ಕ ಏಳ್ತಾರ, ಗೊತ್ತಾತು. ಎಷ್ಟು ಗಂಟಿಗೆ?"

"ಗಂಟೀನ ಹೇಳಿದ್ದು ನಾನು. ಒಂದು ಗಂಟಿಗೆ. ಎದ್ದು ಹೊಲಕ್ಕ ಹೋಗ್ಬೇಕಂತಾರ."

"ಹೊಲಕ್ಕ ಯಾಕಂತ? ಅವರು ಹೆಂಗಂತಾರ ಹಂಗ ಹೇಳು ನೋಡೋಣ."

ಎಷ್ಟು ನಿದ್ದೆಗೆಟ್ಟಿದ್ದರೂ ಒಬ್ಬರ ದನಿ ತೆಗೆದು ತೋರಿಸು ಎಂದರೆ ಗಂಗಾಂಬಿಕಾಳ ಮೈಗೆ ಹುರುಪು ಬರುತ್ತಿತ್ತು. ಕಾಲೇಜಿನಲ್ಲಿ ಅವಳು ಪ್ರಿನ್ಸಿಪಾಲರಂತೆ ಕೆಮ್ಮಿದರೆ ಕಾರಿಡಾರ್ ಖಾಲಿಯಾಗುತ್ತಿತ್ತು. ಎದ್ದು ನಿಂತಳು. ಬೆನ್ನು ಬಗ್ಗಿಸಿದಳು. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಿಂದ ಹೊಕ್ಕುಳ ಕೆಳಗೆ ಒತ್ತಿ ಹಿಡಿದು, ನಡುಗುವ ದನಿ ತೆಗೆದಳು.

"ಲೇ ಅರುಣ, ಏಳೋ. ಕರೆಂಟ್ ಬಂದೈತಿ. ಮಡಿ ತುಂಬೈತಿ, ಬದು ಒಡಿಯಾಕತ್ತೈತಿ. ಜಲ್ದಿ ಹೋಗಿ ನೀರು ತಿರುವಬೇಕು."

ರೇಖಾ ನಗಲಿಲ್ಲ. "ಆ ಕೈ ಯಾಕ ಅಲ್ಲಿಟ್ಟಿ?"

"ಯಾವ ಕೈ?"

"ಹೊಟ್ಟಿ ಕೆಳಗ ಒತ್ತಿ ಹಿಡ್ದೀಯಲ್ಲ, ಆ ಕೈ."

"ಅವರು ಹಂಗ ಹಿಡೀತಾರ," ಎಂದ ಗಂಗಾಂಬಿಕಾ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಆರು ತಿಂಗಳಿಂದ ಕಿವಿಗೆ ಬೀಳುತ್ತಿದ್ದ ಮಾತು ತನ್ನದೇ ಬಾಯಿಂದ ಬಂದಾಗ ಬೇರೆಯಾಗಿ ಕೇಳಿಸಿತು. ನೀರು ಹಾಯಿಸುವ ಮಡಿ ತುಂಬಿದೆ. ಬದು ಒಡೆಯುತ್ತಿದೆ. ತಡೆಯಲಾಗುತ್ತಿಲ್ಲ, ನೀರನ್ನು ಬೇರೆ ಕಡೆ ಬಿಡಬೇಕು.

"ರೇಖಾ," ಎಂದಳು ಮೆಲ್ಲಗೆ. "ಅವರು ಹೊಲದ ಮಾತು ಆಡಾಕತ್ತಿಲ್ಲ."

"ಇಲ್ಲ. ಒಂದಕ್ಕ ಹೋಗ್ಬೇಕು ಅನ್ನೋ ಮಾತು ಅವರ ನಾಲಿಗಿಗೆ ಸಿಗವಲ್ದು. ಸಿಕ್ಕ ಮಾತಿನಾಗ ಹೇಳಾಕತ್ತಾರ."

ಊಟಕ್ಕೆಂದು ಮನೆಗೆ ಬಂದ ಅರುಣ ಇದನ್ನು ಕೇಳಿ ತಲೆ ಅಲ್ಲಾಡಿಸಿದ. "ಸಿಸ್ಟರ್, ಹಂಗಾರ ಹಿತ್ತಲ ಟಾಯ್ಲೆಟ್ಟಿಗೆ ಹೋಗ್ಬೇಕಿತ್ತಲ್ರಿ. ಬೀದಿಗ್ಯಾಕ ಹೋದ್ರು?"

"ಟಾಯ್ಲೆಟ್ ಎಲ್ಲೈತಿ ಅನ್ನೋದು ಮರತೈತಿ. ಹೊಲಕ್ಕ ಹೋಗಾಕ ಬೀದಿ ಬಾಗಿಲ ಅಲ್ಲೇನ್ರಿ?"

"ನಾ ಮೋಟ್ರು ಸುಟ್ರ ವೈಂಡಿಂಗ್ ಮಾಡಾವ. ತಲಿ ಸುಟ್ರ ಏನ್ ಮಾಡ್ಲಿ?"

"ತಲಿ ಸುಟ್ಟಿಲ್ರಿ. ಕೆಲವು ವೈರು ಸವದಾವ. ಹೊಸ ವೈರು ಎಳಿಯಾಕ ಬರಂಗಿಲ್ಲ. ಇರೋ ವೈರಿನಾಗ ಲೈಟು ಹತ್ತಂಗ ಮಾಡ್ಬೇಕು."

ಅರುಣ ಇನ್ನೇನೋ ಅನ್ನುವಷ್ಟರಲ್ಲಿ ಹೊರಗೆ ಕಟ್ಟೆಯ ಮೇಲಿಂದ ಕೆಮ್ಮು ಕೇಳಿಸಿತು. ವೀರಭದ್ರಯ್ಯನವರು ಎದ್ದು ನಿಂತಿದ್ದರು. ಒಂದು ಕೈ ಕಂಬದ ಮೇಲೆ, ಇನ್ನೊಂದು ಹೊಟ್ಟೆಯ ಕೆಳಗೆ.

"ಗಂಗವ್ವ, ಕರೆಂಟ್ ಬಂತೇನವ್ವ?"

ಇಲ್ಲಪ್ಪ ಎನ್ನಲು ಅರುಣ ಬಾಯಿ ತೆರೆದ. ಗಂಗಾಂಬಿಕಾ ಅದಕ್ಕೂ ಮೊದಲೇ ಎದ್ದಳು. "ಬಂತ್ರಿ ಮಾವಾರ. ಬರ್ರಿ, ನೀರು ತಿರುವಿ ಬರೋಣು."

ಮೊಣಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಅವರು ಜಗಳವಾಡಲಿಲ್ಲ, ಮಗುವಿನಂತೆ ಬಂದರು. ಒಳಗೆ ಕಳಿಸಿ ಬಾಗಿಲು ಓರೆ ಮಾಡಿ ಹೊರಗೆ ನಿಂತಳು. ನೀರಿನ ಸದ್ದು ಕೇಳಿಸಿತು. ನಿದ್ದೆಗೆಟ್ಟ ಅವಳ ಕಣ್ಣಿಗೆ, ಬಿಸಿಲಲ್ಲಿ ಬಾಯ್ತೆರೆದ ಮಡಿಯೊಂದು ಕಾಣಿಸಿತು. ಅದರೊಳಗೆ ನೀರು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತಿತ್ತು, ಮಣ್ಣು ಉಸಿರು ಬಿಡುತ್ತಿತ್ತು.

ಹೊರಗೆ ಬಂದ ಮಾವನವರ ಹಣೆಯ ಗಂಟು ಸಡಿಲವಾಗಿತ್ತು. "ಬದು ಉಳೀತವ್ವ," ಎಂದು ಹೋಗಿ ಕಟ್ಟೆಯ ಮೇಲೆ ಕೂತರು.

ಅರುಣನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. "ಸರಿ. ಹೇಳ್ರಿ ಸಿಸ್ಟರ್, ಏನ್ ಮಾಡ್ಬೇಕು?"

"ಮೊದ್ಲು ಅವರ ಗುಳಿಗಿ ತೋರಸ್ರಿ."

ತಂದುಕೊಟ್ಟ. ರೇಖಾ ಒಂದು ಪಟ್ಟಿ ಎತ್ತಿ ಚೀಟಿಯ ಜೊತೆ ಹಿಡಿದು ನೋಡಿದಳು. "ಇದು ಮೈಯಾಗಿನ ನೀರು ಇಳಿಸೋ ಗುಳಿಗಿ. ಮುಂಜಾನಿ ಕೊಡ್ರಿ ಅಂತ ಡಾಕ್ಟ್ರು ಬರದಾರ. ಯಾವಾಗ ಕೊಡ್ತೀರಿ?"

"ಮುಂಜಾನಿ ಅಂಗಡಿ ಗಡಿಬಿಡಿ. ಎಲ್ಲಾ ಸೇರಿಸಿ ರಾತ್ರಿ ಉಂಡಮ್ಯಾಲ ಕೊಡ್ತೀನಿ."

"ರಾತ್ರಿ ನೀವ ಮೋಟ್ರು ಚಾಲು ಮಾಡಿ, ನೀರು ಯಾಕ ಬಂತು ಅಂತ ಅಪ್ಪಗ ಬೈತೀರಿ."

ಗಂಗಾಂಬಿಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅರುಣ ಗುಳಿಗೆಯನ್ನೇ ನೋಡುತ್ತ ಕೂತ.

"ಇನ್ನ ಚೀಟ್ಯಾಗ ಇದ್ದಂಗ ಕೊಡ್ರಿ. ಒಂದು ಹೊತ್ತು ಬದಲು ಮಾಡೋದಿದ್ರೂ ಡಾಕ್ಟ್ರಿಗೆ ಕೇಳಿ ಮಾಡ್ರಿ. ನೀರು ನಿಲ್ಲಿಸಬ್ಯಾಡ್ರಿ. ನೀರು ಕಮ್ಮಿ ಆದ್ರ ಮೂತ್ರ ಗಟ್ಟಿ ಆಗಿ ಉರಿತೈತಿ, ಮಲಬದ್ಧ ಆಗ್ತೈತಿ, ಗೊಂದಲ ಹೆಚ್ಚಾಗ್ತೈತಿ. ದಿನಕ್ಕ ಎಷ್ಟು ನೀರು ಅಂತ ಡಾಕ್ಟ್ರನ್ನ ಕೇಳಿ, ಮುಂಜಾನಿಂದ ಸಂಜಿತನ ಸ್ವಲ್ಪ ಸ್ವಲ್ಪ ಕುಡಸ್ರಿ. ಮಲಗೋಕಿಂತ ಎರಡು ತಾಸು ಮುಂಚಿ ಕಮ್ಮಿ ಮಾಡ್ರಿ. ಸಂಜಿ ಮ್ಯಾಲ ಚಾ ಬ್ಯಾಡ."

"ಚಾ ಬ್ಯಾಡ ಅಂದ್ರ ಅಪ್ಪ ಮನೀನ ತಲಿ ಮ್ಯಾಲ ಹೊತ್ಕೋತಾನ."

"ಚಾದ ಬದ್ಲಿ ಹಾಲು ಕೊಡ್ರಿ, ಅದನ್ನೂ ಒಂಚೂರು ಜಲ್ದಿ. ಅವರ ಕಾಲು ನೋಡೀರೇನು, ಸಂಜಿಗೆ ಬಾತಿರ್ತಾವ. ಮಧ್ಯಾಹ್ನ ಒಂದು ತಾಸು ಕಾಲಿನ ಕೆಳಗ ದಿಂಬು ಕೊಟ್ರ, ಆ ನೀರು ಹಗಲ ಹೋಗ್ತೈತಿ. ಆದ್ರ ಸಂಜಿತನ ಮಲಗಾಕ ಬಿಡಬ್ಯಾಡ್ರಿ. ಬಿಸಿಲಿಗೆ ಅಡ್ಡಾಡಸ್ರಿ, ಶೇಂಗಾ ಸುಲಿಯಾಕ ಕೊಡ್ರಿ. ರಾತ್ರಿ ಮಲಗೋ ಮುಂಚಿ ಒಮ್ಮೆ ಟಾಯ್ಲೆಟ್ಟಿಗೆ ಕರಕೊಂಡು ಹೋಗಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಸೋಮವಾರ ಮೂತ್ರ ಪರೀಕ್ಷಾ ಮಾಡ್ಸೋಣು. ಸೋಂಕು ಐತೇನೋ, ಸಕ್ರಿ ಐತೇನೋ. ವಯಸ್ಸಾದ ಗಂಡಸರಿಗೆ ಮೂತ್ರಕೋಶದ ಬುಡದಾಗಿನ ಗ್ರಂಥಿ ದಪ್ಪ ಆಗಿರ್ತೈತಿ, ಅದನ್ನೂ ಡಾಕ್ಟ್ರು ನೋಡ್ಲಿ."

"ಒಂದು ನಿದ್ದಿ ಗುಳಿಗಿ ತಂದುಬಿಟ್ರ?" ಅರುಣ ಕೊನೆಯ ಬಾಣ ಬಿಟ್ಟ.

"ಡಾಕ್ಟ್ರು ಬರೀದ ತರಬ್ಯಾಡ್ರಿ. ಅದನ್ನ ನುಂಗಿದ್ರ ಮೂತ್ರಾನೂ ನಿಲ್ಲಂಗಿಲ್ಲ, ಕಾಲೂ ನಿಲ್ಲಂಗಿಲ್ಲ. ಬಿದ್ದು ಸೊಂಟ ಮುರಕೊಂಡ್ರ ಆಮೇಲೆ ಹಾಸಿಗೀನ ಗತಿ."

"ಚಿಲಕ?" ಎಂದಳು ಗಂಗಾಂಬಿಕಾ. "ಹೊರಗಿಂದ ಹಾಕಬೇಕಂತ ತಂದಾರ."

ರೇಖಾ ಅರುಣನ ಕಡೆ ತಿರುಗಿದಳು. "ಅವಸರ ಆದ ಮನಷ್ಯಾನ ಮುಂದ ಬಾಗಿಲು ಹಾಕಿದ್ರ ಹೆಂಗ್ರಿ? ಒಳಗ ಬಿದ್ರ ನಿಮಗ ಗೊತ್ತಾಗಂಗಿಲ್ಲ. ಬೆಂಕಿ ಹತ್ತಿದ್ರ ಅವರು ಹೊರಗ ಬರಂಗಿಲ್ಲ. ಇನ್ನೊಂದು ಕೇಳ್ತೀನಿ. ಈಕಿ ಯಾವಾಗ ಮಲಗಬೇಕು?"

ಅರುಣ ಹೆಂಡತಿಯ ಕಣ್ಣ ಕೆಳಗಿನ ಕಪ್ಪನ್ನು ನೋಡಿದ.

"ಪಂಪ್‌ಸೆಟ್ಟಿಗೂ ಕರೆಂಟ್ ಪಾಳಿ ಮ್ಯಾಲ ಕೊಡ್ತಾರ. ಒಬ್ಬಾಕಿ ಹೆಣ್ಮಗಳಿಗೆ ಇಪ್ಪತ್ನಾಕು ತಾಸು ತ್ರೀ ಫೇಸ್ ಯಾಕ್ರಿ? ಅರ್ಧ ರಾತ್ರಿ ನಿಮ್ಮದು, ಅರ್ಧ ರಾತ್ರಿ ಆಕಿದು."

ಭಾನುವಾರ ಅರುಣ ಡ್ರಿಲ್ ಮಷಿನ್ ತಂದ. ಗಂಗಾಂಬಿಕಾ ಮಾವನವರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಅವನು ಚಿಲಕ ಬಡಿದದ್ದು ಅಡುಗೆಮನೆಯ ಬಾಗಿಲಿಗೆ, ರಾತ್ರಿ ಅಪ್ಪ ಗ್ಯಾಸ್ ಮುಟ್ಟದಿರಲೆಂದು. ಬೀದಿ ಬಾಗಿಲಿಗೆ ಎತ್ತಿನ ಕೊರಳ ಗೆಜ್ಜೆಸರ ಕಟ್ಟಿದ, ತೆರೆದರೆ ಸದ್ದಾಗಲೆಂದು. ಅಪ್ಪನ ಮಂಚದಿಂದ ಟಾಯ್ಲೆಟ್‌ವರೆಗೆ ದಾರಿಯಲ್ಲಿದ್ದ ಕೊಡ, ಚಾಪೆ, ಚಪ್ಪಲಿ ಎಲ್ಲ ಎತ್ತಿಟ್ಟ. ಹಾಸಿಗೆಯ ಕೆಳಗೆ ರಬ್ಬರ್ ಹಾಳೆ ಬಂತು, ಲಾಡಿಯ ಚಡ್ಡಿ ಹೋಗಿ ಇಲಾಸ್ಟಿಕ್ ಬಂತು. ಕೊನೆಗೆ ಟಾಯ್ಲೆಟ್ ಬಾಗಿಲ ಮೇಲೆ ಒಂದು ಕೆಂಪು ಜೀರೊ ಬಲ್ಬು ಹಾಕಿದ. ಹೊಲದ ಪಂಪ್‌ಸೆಟ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿಯ ಮೇಲೆ ಇರುತ್ತಿತ್ತಲ್ಲ, ಕರೆಂಟ್ ಬಂದೊಡನೆ ಹೊತ್ತಿಕೊಳ್ಳುವ ದೀಪ, ಥೇಟ್ ಹಾಗೆ.

ಆ ರಾತ್ರಿ ಮೊದಲ ಪಾಳಿ ಅರುಣನದು. ಗಂಗಾಂಬಿಕಾ ನಿದ್ದೆಯ ಕೆರೆಯಲ್ಲಿ ಕುತ್ತಿಗೆವರೆಗೆ ಇಳಿದಿದ್ದಳು. ದಡದ ಮೇಲಿಂದ ಯಾರೋ ಮೂಗಿನಲ್ಲಿ ಕೂಗಿದಂತಾಯಿತು.

"ಅಯ್ನೋರ, ಕರೆಂಟ್ ಬಂದೈತ್ರಿ. ಬರ್ರಿ, ನೀರು ತಿರುವೋಣು."

ಅದು ಪಕ್ಕದ ಹೊಲದ ಉಚ್ಚಂಗೆಪ್ಪನ ದನಿ. ಹಿಂದೆ ರಾತ್ರಿ ಬದುವಿನ ಮೇಲೆ ನಿಂತು ಅವನು ಹೀಗೇ ಕರೆಯುತ್ತಿದ್ದ. ಈ ಹೊತ್ತಿನಲ್ಲಿ ಉಚ್ಚಂಗೆಪ್ಪ ಮನೆಯೊಳಗೆ ಹೇಗೆ ಬಂದ ಎಂದು ಅರೆಗಣ್ಣು ತೆರೆದಳು. ಕೆಂಪು ಬೆಳಕಿನಲ್ಲಿ ಅಪ್ಪ ಮಗ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಡೆಯುತ್ತಿದ್ದರು, ಎಳೆ ಪೈರು ತುಳಿದೀತೆಂಬಷ್ಟು ಹುಷಾರಾಗಿ. "ಎಷ್ಟೊತ್ತಿನ ತನಕ ಐತಲೇ ಉಚ್ಚಂಗಿ ಇವತ್ತು ಕರೆಂಟ್?" ಎಂದರು ಅಪ್ಪ. "ಬೆಳಗಾಗೋ ತನಕ ಐತ್ರಿ ಅಯ್ನೋರ. ನೀವೇನ್ ಗಾಬರಿ ಆಗಬ್ಯಾಡ್ರಿ," ಎಂದ ಮಗ. ಮದುವೆಯಾಗಿ ಏಳು ವರ್ಷವಾದರೂ ಗಂಡನಿಗೂ ದನಿ ತೆಗೆಯಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಗಬೇಕೆಂದುಕೊಂಡಳು. ಅಷ್ಟರಲ್ಲಿ ಕೆರೆ ಅವಳನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು.

ಸೋಮವಾರದ ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಂಡಿತು. ಡಾಕ್ಟರು ಔಷಧಿ ಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಐದು ಸಲ ಏಳುತ್ತಿದ್ದವರು ಎರಡಕ್ಕೆ ಬಂದರು. ಎರಡು ಸಲಕ್ಕೆ ಅಂತ ಅರ್ಥ. ಮರೆವು ಹೋಗಲಿಲ್ಲ, ಅದು ಹೋಗುವ ಕಾಯಿಲೆಯೂ ಅಲ್ಲ. ಕೆಲವು ರಾತ್ರಿ ಈಗಲೂ ಕೌದಿ ಒದ್ದೆಯಾಗುತ್ತದೆ. ಆಗ ಯಾರೂ ಬೈಯುವುದಿಲ್ಲ. "ಬದು ಒಂದೀಟು ಒಡದೈತಿ, ಕಟ್ಟೋಣು ಬಿಡ್ರಿ," ಎಂದು ಗಂಗಾಂಬಿಕಾ ಬಟ್ಟೆ ಬದಲಿಸುತ್ತಾಳೆ. ಮಾವನವರು ಅವಳ ತಲೆ ಸವರುತ್ತಾರೆ. ಹೆಸರು ಕೆಲವೊಮ್ಮೆ ನೆನಪಿರುತ್ತದೆ, ಕೆಲವೊಮ್ಮೆ ಇರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಮರೆವಿನ ಕಾಯಿಲೆಯ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರು ರಾತ್ರಿ ಎದ್ದು ಅರ್ಥವಿಲ್ಲದ ಮಾತಾಡಿದರೆ, ಬಾಗಿಲು ಹಾಕುವ ಮೊದಲು ಆ ಮಾತನ್ನೊಮ್ಮೆ ನಿಮ್ಮ ಬಾಯಲ್ಲೇ ಹೇಳಿ ನೋಡಿ, ಅವರ ಕೈ ಎಲ್ಲಿದೆ ಎಂದು ನೋಡಿ. ಬಸ್ಸಿನ ಕಂಡಕ್ಟರಾಗಿದ್ದವರು ಸ್ಟಾಪ್ ಬಂತು ಎನ್ನಬಹುದು. ಮೇಷ್ಟ್ರಾಗಿದ್ದವರು ಬೆಲ್ ಹೊಡೀರಿ ಎನ್ನಬಹುದು. ನಿಮ್ಮ ಅವ್ವ ಬರೀ ಮನೆಗೆ ಹೋಗಬೇಕು ಎನ್ನಬಹುದು. ಮೊದಲು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ. ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ, ಉರಿದರೆ ಅಥವಾ ಅದರಲ್ಲಿ ರಕ್ತ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ನಿಮ್ಮೂರಿನ ನರ್ಸಮ್ಮನನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಇದು ನಾಚಿಕೆಯ ವಿಷಯವಲ್ಲ. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಬಹುದು.

ನೋಡಿಕೊಳ್ಳುವವರೂ ಮನುಷ್ಯರೇ, ಅವರಿಗೂ ನಿದ್ದೆ ಬೇಕು. ಈ ರಾತ್ರಿ ನಿಮ್ಮ ಮನೆಯಲ್ಲಿ ಯಾರ ಪಾಳಿ? ದೀಪ ಆರಿಸುವ ಮೊದಲು ಮಾತಾಡಿಕೊಳ್ಳಿ.