ಎರಡು ತುಂಡು ತೇಲುಬೇಲಿ

ಎಣ್ಣೆ ಹಡಗು ನಮ್ಮ ದ್ವೀಪಕ್ಕೆ ತಿಂಗಳಿಗೊಮ್ಮೆ ಬರುತ್ತದೆ. ಕರೆಂಟು ತಯಾರಿಸುವ ಕಾರ್ಖಾನೆಗೆ ಬೇಕಾದ ಕಪ್ಪು ಎಣ್ಣೆಯನ್ನು ದಪ್ಪ ಕೊಳವೆಯಲ್ಲಿ ದಡದ ಟ್ಯಾಂಕಿಗೆ ಇಳಿಸಿ ಹೋಗುತ್ತದೆ. ಇಳಿಸುವ ಮೊದಲು ಹಡಗಿನ ಸುತ್ತ ತೇಲುಬೇಲಿ ಕಟ್ಟಬೇಕು, ಸೋರಿದರೆ ಎಣ್ಣೆ ಅದರೊಳಗೇ ನಿಲ್ಲಲಿ ಅಂತ. ಕಿತ್ತಳೆ ಬಣ್ಣದ ಬೇಲಿ, ಇಪ್ಪತ್ತು ಮೀಟರಿನ ಹತ್ತು ತುಂಡು. ಅದನ್ನಿಟ್ಟ ಉಗ್ರಾಣದ ಬೀಗದ ಕೈ ಹದಿನಾಲ್ಕು ವರ್ಷ ನನ್ನ ಸೊಂಟದಲ್ಲಿತ್ತು. ಅದನ್ನು ಜಣಜಣ ಅನ್ನಿಸಿಕೊಂಡು ಓಡಾಡಿದ ಗಂಡಸು ನಾನು, ವಿಲಿಸೋನಿ.

ಹೋದ ವರ್ಷ ನನ್ನ ಅಕ್ಕನ ಮಗ ಕಿನಿ ಬಂದ. ಮೂವತ್ತು ದಾಟಿದವನು, ಸಮುದ್ರದಲ್ಲಿ ಹಗ್ಗ ಕಟ್ಟಿ ಪಾಚಿ ಬೆಳೆಸುತ್ತಾನೆ.

"ಮಾವಾ, ಮರದ ದಿಮ್ಮಿ ತೇಲ್ಕೊಂಡು ಬಂದು ಹಗ್ಗ ಎಲ್ಲಾ ಹರೀತಿದೆ. ನಿನ್ನ ಬೇಲಿ ಎರಡು ತುಂಡು ಕೊಡು."

"ಅದು ಕಂಪನಿ ಸೊತ್ತು ಕಣೋ."

"ಕಂಪನೀನ ಯಾರು ಕೇಳಿದ್ರು? ನಾನು ನಮ್ಮ ಮಾವನ್ನ ಕೇಳ್ತಿರೋದು. ಇಷ್ಟು ವರ್ಷದಲ್ಲಿ ಒಂದು ತೊಟ್ಟಾದ್ರೂ ಸೋರಿದ್ಯಾ ಹೇಳು?"

ಅಕ್ಕನ ಮಗ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನುವ ಸೋದರಮಾವ ಫಿಜಿಯಲ್ಲಿ ಇನ್ನೂ ಹುಟ್ಟಿಲ್ಲ. ಕೇಳದೆ ಎತ್ತಿಕೊಂಡು ಹೋದರೂ ನಗುತ್ತಾ ನಿಲ್ಲಬೇಕು. ಆದರೆ ಈಗ ಅದನ್ನು ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಬೀಗ ತೆಗೆದ ಕೈ ನನ್ನದೇ.

ರಾಜಧಾನಿ ಸುವಾದಿಂದ ತಪಾಸಣೆಗೆ ಬಂದವರ ಕಣ್ಣಿಗೆ ರಾಶಿ ದೊಡ್ಡದಾಗಿ ಕಾಣಲಿ ಅಂತ ಮಿಕ್ಕ ಎಂಟು ತುಂಡನ್ನು ಖಾಲಿ ಪೀಪಾಯಿಗಳಿಗೆ ಸುತ್ತಿಟ್ಟೆ. ಎಣ್ಣೆ ಚೆಲ್ಲಿದರೆ ಏನು ಮಾಡಬೇಕೆಂಬ ವರ್ಷದ ಅಭ್ಯಾಸದ ದಿನ, ಹಡಗಿಲ್ಲದ ನೀರಿನಲ್ಲಿ ಎಂಟೇ ತುಂಡಿನ ಬಳೆ ಚೆಂದವಾಗಿ ಕೂತಿತು. ಯಾರೂ ಎಣಿಸಲಿಲ್ಲ, ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಲೋಸಾನ ತವರಿನ ಹೆಂಗಸರನ್ನೆಲ್ಲ ಕರೆತಂದಿದ್ದಳು. ಅವಳ ತವರು ವುನಿಸೆ, ಕೊಲ್ಲಿಯ ಆಚೆ ದಡ. ಸಮುದ್ರದ ನೀರು ಇಳಿದ ಹೊತ್ತಿಗೆ ಅಲ್ಲಿನ ಹೆಂಗಸರು ಕೆಸರಿನಲ್ಲಿ ಚಿಪ್ಪಿ ಆಯ್ದರೆ ಆ ಊರಿನ ಒಲೆ ಹೊತ್ತುತ್ತದೆ.

"ನೋಡ್ರೇ, ನಮ್ಮ ಚಿಪ್ಪಿಗೆ ಕಾವಲು ಯಾರು ಅಂತ," ಅಂದಳು. ನಾನು ಮೀಸೆ ತಿರುವಿದೆ. ಥೂ.

ಮೇ ತಿಂಗಳ ಒಂದು ಬೆಳಿಗ್ಗೆ ಕೊಳವೆಯ ಜೋಡಣೆ ಬಿಟ್ಟಿತು. ಪಂಪು ನಿಲ್ಲಿಸಲು ನಾಲ್ಕೇ ನಿಮಿಷ ಹಿಡಿಯಿತು. ಹಡಗಿನ ಹಿಂಬದಿಯಿಂದ ಜೆಟ್ಟಿಯ ಕಂಬದವರೆಗೆ ಎರಡು ತುಂಡಿನಷ್ಟು ಜಾಗದಲ್ಲಿ ಬೇಲಿಯಿರಲಿಲ್ಲ. ಬರೀ ಹಗ್ಗ ಎಳೆದು, ಕಾಣದ ಹಾಗೆ ಒಂದು ದೋಣಿ ಅಡ್ಡ ನಿಲ್ಲಿಸಿದ್ದೆ. ತಿಂಗಳು ತಿಂಗಳೂ ಹೀಗೇ ನಡೆದಿತ್ತು. ಎಣ್ಣೆ ಆ ದೋಣಿಯ ಅಡಿಯಿಂದ ಸಲೀಸಾಗಿ ದಾಟಿ, ಏರುವ ನೀರಿನ ಜೊತೆ ವುನಿಸೆಯ ಕಡೆ ಹೋಯಿತು. ನಾನು ಜೆಟ್ಟಿಯ ಮೇಲೆ ನಿಂತು ನೋಡಿದೆ.

ಕೆಸರು ಬಯಲು ಕಪ್ಪಾಯಿತು. ಚಿಪ್ಪಿಗಳು ಬಾಯಿ ತೆರೆದು ಸತ್ತು ನಾರತೊಡಗಿದವು. ಹೆಂಗಸರು ತೆಂಗಿನ ನಾರು ಹಿಡಿದು ದಡದ ಕಾಂಡ್ಲಾ ಗಿಡಗಳ ಬೇರುಗಳನ್ನು ಒಂದೊಂದಾಗಿ ಒರೆಸಿದರು. ಅವರ ಜೊತೆ ನಾನೂ ಮೊಣಕಾಲುದ್ದ ಕೆಸರಿನಲ್ಲಿ ಇಪ್ಪತ್ತು ದಿನ ನಿಂತೆ. ಲೋಸಾನಳ ಚಿಕ್ಕಮ್ಮ ಮಧ್ಯಾಹ್ನ ಬೇಯಿಸಿದ ಗೆಣಸು ತಂದು ಕೊಡುತ್ತಿದ್ದಳು. "ತಿನ್ನು ಮಗಾ, ಸೊರಗಿ ಹೋಗಿದೀಯ. ನೀನೇನು ಮಾಡ್ತೀಯ, ನೀರಿನ ಸೆಳೆತ," ಅನ್ನುತ್ತಿದ್ದಳು. ಸೆಳೆತ ಅನ್ನುವುದು ಕಂಪನಿಯ ವರದಿಯ ಮಾತು. ಅದರ ಕೆಳಗೆ ನನ್ನ ಸಹಿಯಿತ್ತು.

ಕೊನೆಗೆ ಒಂದು ಭಾನುವಾರ, ಚರ್ಚಿಗೆ ಹೊರಟಿದ್ದ ಲೋಸಾನಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಆ ದಿನ ಚರ್ಚಿಗೆ ಹೋಗಲಿಲ್ಲ.

ಮಾರನೇ ವಾರ ನನ್ನ ಅಣ್ಣ ತಿಮಿಂಗಿಲದ ಹಲ್ಲು ಹಿಡಿದು ನನ್ನನ್ನೂ ಲೋಸಾನಳನ್ನೂ ವುನಿಸೆಗೆ ಕರೆದೊಯ್ದ. ತಪ್ಪೊಪ್ಪಿಗೆಗೆ ನಮ್ಮಲ್ಲಿ ಅದೇ ದಾರಿ; ಎದುರಿನವರು ಹಲ್ಲು ತೆಗೆದುಕೊಂಡರೆ ತಪ್ಪನ್ನು ಮಣ್ಣಲ್ಲಿ ಹೂತ ಹಾಗೆ. ಮಾತಾಡುವವನು ಅಣ್ಣ, ತಪ್ಪು ಮಾಡಿದವನು ಅವನ ಬೆನ್ನ ಹಿಂದೆ ತಲೆ ತಗ್ಗಿಸಿ ಕೂರಬೇಕು.

"ಬೇಲಿ ಗಿಡ್ಡ ಇತ್ತು. ಅದು ಇವನಿಗೆ ಗೊತ್ತಿತ್ತು," ಅಂದ ಅಣ್ಣ.

ಬೇಡ ಅನ್ನಲಿ, ಎದ್ದು ಬಂದು ಕೆನ್ನೆಗೆ ಬಾರಿಸಲಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಊರ ಹಿರಿಯ ನೆಮಾನಿ ಬಹಳ ಹೊತ್ತಿನ ಮೇಲೆ ಎರಡು ಕೈ ಚಾಚಿ ಹಲ್ಲನ್ನು ತೆಗೆದುಕೊಂಡ.

"ಹೂತಾಯ್ತು. ಇನ್ನು ಇದರ ಮಾತು ಯಾರ ಬಾಯಲ್ಲೂ ಬರಬಾರದು."

ಆಮೇಲೆ ಊಟ ಬಡಿಸಿದರು. ನೆಂಟರು ಬಂದರೆ ಚಿಪ್ಪಿ ಬೇಯಿಸುವ ಊರು ಅದು. ಡಬ್ಬದ ಮೀನು ಬಡಿಸಿದರು. ಚಿಕ್ಕಮ್ಮ "ಇನ್ನೊಂದು ಚೂರು ಹಾಕ್ಲಾ?" ಅಂತ ನಗುನಗುತ್ತಲೇ ಕೇಳಿದಳು. ನಗಲೇಬೇಕು, ಹಲ್ಲು ತೆಗೆದುಕೊಂಡ ಮೇಲೆ ಕಟ್ಟಳೆ ಹಾಗೆ. ಪುಣ್ಯಾತ್ಮರು ಕ್ಷಮಿಸಿಬಿಟ್ಟರಲ್ಲ, ಹಗುರವಾಗಬೇಕಿತ್ತು. ಆಗಲಿಲ್ಲ.

ಅಣ್ಣ ಆ ರಾತ್ರಿ ಅಲ್ಲೇ ಉಳಿದ. ವಾಪಸು ಬರುವಾಗ ದೋಣಿಯಲ್ಲಿ ನಾನೂ ಲೋಸಾನಳೂ ಇಬ್ಬರೇ. ಕಪ್ಪು ಬಯಲು ಪಕ್ಕದಲ್ಲೇ ಸರಿಯುತ್ತಿತ್ತು. ತಡೆಯಲಾಗದೆ ಎಂಜಿನ್ ನಿಲ್ಲಿಸಿದೆ.

"ಒಂದು ಸಲ ಬೈದುಬಿಡೇ. ಏನಾದ್ರೂ ಅನ್ನು."

"ಹೇಗೆ ಬೈಲಿ? ಹೂತಾಯ್ತಲ್ಲ." ಆಮೇಲೆ ಕೇಳಿದಳು, "ಸೆಳೆತ ಅಂತ ಬರೆದ ಕಾಗದ?"

"ಹಾಗೇ ಇದೆ."

"ನೀನು ಸಹಿ ಹಾಕಿದ್ದು?"

"ಹೂಂ."

"ಅಂದ್ರೆ ಕಂಪನಿಗೆ ಸುಳ್ಳು, ನಮಗೆ ಹಲ್ಲು. ಎಣ್ಣೆ ತಡೀಲಿಕ್ಕೆ ಆಗ್ಲಿಲ್ಲ ನಿನ್ನ ಕೈಲಿ. ನಮ್ಮ ಹೆಂಗಸರ ಬಾಯಿ ಮಾತ್ರ ಚೆನ್ನಾಗಿ ತಡೆದೆ."

ಹೇಳಿದ ಮರುಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹೂತದ್ದನ್ನು ಕೆದಕಿದ ಮೊದಲಿಗಳು ತಾನೇ ಆದೆನಲ್ಲ ಅಂತ ಅವಳ ಮುಖ ಕಂದಿತು. ವುನಿಸೆಯ ಕಡೆ ತಿರುಗಿ, ಅಲ್ಲಿ ಯಾರೂ ಕೇಳಿಸಿಕೊಳ್ಳುವಷ್ಟು ಹತ್ತಿರ ಇರದಿದ್ದರೂ, "ತಪ್ಪಾಯ್ತು" ಅಂದಳು. ನಾನು ಈವರೆಗೆ ನನ್ನ ಬಾಯಿಂದ ಆಡದಿದ್ದ ಮಾತು ಅದು.