ವಾಸನೆ: ಸಾಮಾನ್ಯ

ಭೀಮೇಶನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಕೊರೊನಾ ಬಂದು ಹೋದ ಮೇಲೆ ಉಳಿದದ್ದೆಲ್ಲ ಸರಿಯಾಯಿತು, ಮೂಗು ಮಾತ್ರ ಆಗಲಿಲ್ಲ. ಭದ್ರಾವತಿಯ ಮನೆಯಲ್ಲಿ ಹೆಂಡತಿ ಸೌಂದರ್ಯಳನ್ನು ಬಿಟ್ಟರೆ ಯಾರಿಗೂ ಇದು ತಿಳಿಯದು. "ನಿಮ್ಮ ಕೆಲಸಕ್ಕೆ ದೇವರೇ ನೋಡಿ ಮಾಡಿದ ಮೂಗು" ಎಂದು ಅವಳು ನಗುತ್ತಿದ್ದಳು.

ಕೆಲಸವೇನೋ ಹಾಗೇ ಇತ್ತು. ಶಿವಮೊಗ್ಗದ ಹೊರಗೆ ಒಂದು ಕಂಪನಿ ನಡೆಸುವ ಗ್ಯಾಸ್ ಘಟಕದಲ್ಲಿ ಅವನು ಆಪರೇಟರ್. ಚರಂಡಿ ನೀರಿನಲ್ಲಿ ಉಳಿದ ಕೆಸರು, ಹೋಟೆಲು ಮಾರ್ಕೆಟ್ಟಿನ ಹಸಿ ಕಸ, ಎರಡನ್ನೂ ಅರೆದು ಗಾಳಿಯಾಡದ ದೊಡ್ಡ ಟ್ಯಾಂಕಿಗೆ ಬಿಡುತ್ತಿದ್ದರು. ಒಳಗೆ ಐವತ್ತೈದು ಡಿಗ್ರಿ ಬಿಸಿ. ಆ ಬಿಸಿಯಲ್ಲಿ ಬದುಕುವ ಸೂಕ್ಷ್ಮಾಣುಗಳು ಎಲ್ಲವನ್ನೂ ತಿಂದು ಗ್ಯಾಸ್ ಬಿಡುತ್ತಿದ್ದವು. ಅದೇ ಗ್ಯಾಸು ಬಾಯ್ಲರಿನಲ್ಲಿ ಉರಿದು ಟ್ಯಾಂಕನ್ನು ಬಿಸಿಯಾಗಿಡುತ್ತಿತ್ತು. ಬೇಗ ಅರಗಿಸುವ ಹೊಟ್ಟೆ, ಆದರೆ ಬಾಣಂತಿಯ ಹೊಟ್ಟೆಯ ಹಾಗೆ ನಾಜೂಕು. ಒಮ್ಮೆಲೇ ಹೆಚ್ಚು ತಿನ್ನಿಸಿದರೆ ಒಳಗೆಲ್ಲ ಹುಳಿಯಾಗಿ ಸೂಕ್ಷ್ಮಾಣುಗಳೇ ಸಾಯುತ್ತಿದ್ದವು. ಹದಕ್ಕೆ ಬರಲು ತೊಂಬತ್ತನಾಲ್ಕು ದಿನ ಹಿಡಿದಿತ್ತು.

ಹುಳಿ ಅಳೆಯುವ ಮೀಟರು ರಿಪೇರಿಗೆ ಹೋಗಿ ಎರಡು ತಿಂಗಳಾಗಿತ್ತು. "ಅದು ಬರೋವರೆಗೂ ನಿಮ್ಮ ಮೂಗೇ ಮೀಟರ್ ಕಣ್ರೀ" ಎಂದಿದ್ದರು ಎಂಜಿನಿಯರ್ ರೇಣುಕಾಪ್ರಸಾದ್. "ಡಾಂಬರಿನ ಥರ ಘಾಟು ಇದ್ರೆ ಸರಿ. ಹುಳಿ ಬಂತೋ, ಕಸ ನಿಲ್ಸಿ, ಸುಣ್ಣ ಹಾಕಿ, ನಂಗೆ ಹೇಳಿ." ಭೀಮೇಶ ತಲೆಯಾಡಿಸಿದ್ದ. ಮುಂದಿನ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು. ದಿನಾ ಬೆಳಿಗ್ಗೆ ಟ್ಯಾಂಕಿನ ನಲ್ಲಿಯಿಂದ ಒಂದು ಮಗ್ ಬಗ್ಗಡ ಹಿಡಿದು, ಮೂಗಿನ ಹತ್ತಿರ ತಂದು, ರಿಜಿಸ್ಟರಿನಲ್ಲಿ "ವಾಸನೆ: ಸಾಮಾನ್ಯ" ಎಂದು ಬರೆಯುತ್ತಿದ್ದ.

ಆಯುಧಪೂಜೆಯ ಮಾರನೆ ದಿನ ಎರಡು ಲೋಡಿನ ಜಾಗದಲ್ಲಿ ಆರು ಲೋಡು ಬಂತು. ಸವಳಂಗ ರಸ್ತೆಯ ಗ್ಯಾರೇಜು, ಅಂಗಡಿಗಳ ಮುಂದೆ ಒಡೆದ ಬೂದುಗುಂಬಳ, ಬಾಳೆಕಂದು, ಚೆಂಡುಹೂವು, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು.

"ಎಲ್ಲಾ ಹಾಕ್ಬಿಡಿ" ಎಂದರು ರೇಣುಕಾಪ್ರಸಾದ್. "ಮೂರು ದಿನಕ್ಕೆ ಇನ್ಸ್‌ಪೆಕ್ಷನ್ ಇದೆ. ಯಾರ್ಡು ಖಾಲಿ ಕಾಣ್ಬೇಕು."

ಮರುದಿನ ಬೆಳಿಗ್ಗೆ ಶಾಂತಮ್ಮ ನಲ್ಲಿಯ ಹತ್ತಿರ ನಿಂತಳು. ಹೊಳಲೂರಿನವಳು, ಕಸ ಆರಿಸುವ ಮೂವರು ಹೆಂಗಸರಲ್ಲಿ ಹಿರಿಯಳು.

"ಇದೇನೋ ಮಾರಾಯ, ಮೂರು ದಿನದ ದೋಸೆ ಹಿಟ್ಟಿನ ಥರ ಹುಳಿ ಹೊಡೀತಿದೆ?"

ಭೀಮೇಶ ಮಗ್ ಎತ್ತಿ ಉಸಿರೆಳೆದ. ನೀರು ಮೂಸಿದಂತಾಯಿತು.

"ಏನಿಲ್ಲ ಶಾಂತಕ್ಕ, ನಿಂಬೆಹಣ್ಣಿಂದು."

"ನಿಂಬೆಹಣ್ಣು ನಾ ಕಾಣದ್ದಾ? ನಿಂಗೆ ಮೂಗಿರೋದು ಮೂಸೋಕೋ, ಮಾಸ್ಕ್ ಸಿಗಿಸೋಕೋ? ಇವತ್ತು ಟ್ಯಾಂಕನ್ನ ಉಪವಾಸ ಕೆಡವು. ಸುಣ್ಣ ಹಾಕ್ಸು."

ಭೀಮೇಶ ಲೆಕ್ಕ ಹಾಕಿದ. ಹುಳಿ ಬಂದಿದೆ ಎಂದು ಶಾಂತಮ್ಮ ಹೇಳಿದಳು ಎಂದರೆ, ನಿಮ್ಮ ಮೂಗಿಗೇನಾಗಿತ್ತು ಎಂದು ರೇಣುಕಾಪ್ರಸಾದ್ ಕೇಳುತ್ತಾರೆ. ರಿಜಿಸ್ಟರ್ ತೆಗೆದು "ಸಾಮಾನ್ಯ" ಎಂದು ಬರೆದ. ಹಿಂದಿನ ದಿನದ್ದರಲ್ಲಿ ಉಳಿದಿದ್ದ ಎರಡು ಲೋಡನ್ನೂ ಟ್ಯಾಂಕಿಗೆ ಬಿಟ್ಟ. ಅದರ ಮರುದಿನವೂ ಅದೇ ಬರೆದ.

ಇನ್ಸ್‌ಪೆಕ್ಷನ್ನಿನವರು ಬಂದು ನಿಂತಾಗ ಬಾಯ್ಲರಿನ ಉರಿ ಎರಡು ಸಲ ಕೆಮ್ಮಿ ಆರಿತು. ಟ್ಯಾಂಕಿನಿಂದ ಗಾಳಿ ಬರುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಮೇಲಿನ ಕೊಳವೆಯಿಂದ ನೊರೆ ಉಕ್ಕಿತು. ಮೂಟೆಗಟ್ಟಲೆ ಸುಣ್ಣ ಸುರಿದರು. ಮನೆ ಸುಟ್ಟ ಮೇಲೆ ಬೆಂಕಿ ಆರಿಸಿದ ಹಾಗಾಯಿತು.

ರೇಣುಕಾಪ್ರಸಾದ್ ರಿಜಿಸ್ಟರ್ ತೆರೆದು ತೋರಿಸಿದರು. "ನೋಡಿ ಸರ್, ನಮ್ಮ ಆಪರೇಟರು ದಿನಾ ಚೆಕ್ ಮಾಡಿದಾರೆ. ಎಲ್ಲಾ ನಾರ್ಮಲ್. ತಪ್ಪಾಗಿರೋದು ಆರಿಸೋ ಕಡೆ. ಈ ಹೆಂಗಸ್ರು ನಿಂಬೆಹಣ್ಣು ತೆಗೆದಿಲ್ಲ."

"ನಾನು ಅವತ್ತೇ ಹೇಳಿದ್ದೆ ಸ್ವಾಮಿ" ಎಂದಳು ಶಾಂತಮ್ಮ. "ಇವನ್ನೇ ಕೇಳಿ."

ಎಲ್ಲರೂ ಭೀಮೇಶನ ಕಡೆ ತಿರುಗಿದರು.

"ಇಲ್ಲ ಸರ್. ನಂಗೇನೂ ಹೇಳಿಲ್ಲ."

ಶಾಂತಮ್ಮ ಕೂಗಾಡಲಿಲ್ಲ. ನಲ್ಲಿಗೆ ಹೋಗಿ ಮಗ್ ತುಂಬಿಸಿ ತಂದು ಅವನ ಮೂಗಿಗೇ ಹಿಡಿದಳು. ಸುತ್ತ ನಿಂತವರೆಲ್ಲ ಕರ್ಚೀಫು ತೆಗೆದರು, ಒಬ್ಬರು ಓಡಿಹೋಗಿ ವಾಂತಿ ಮಾಡಿದರು. ಭೀಮೇಶ ಸುಮ್ಮನೆ ನಿಂತಿದ್ದ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಅಯ್ಯೋ ಪಾಪಿ" ಎಂದಳು ಮೆಲ್ಲಗೆ. "ನಿಂಗೆ ಮೂಗೇ ಇಲ್ವಲ್ಲೋ."

ಪಕ್ಕದಲ್ಲೇ ಇದ್ದ ರೇಣುಕಾಪ್ರಸಾದರಿಗೆ ಅದು ಕೇಳಿಸಿತು. ಭೀಮೇಶನನ್ನೊಮ್ಮೆ ನೋಡಿದರು. ಆರು ಲೋಡು ಹಾಕಿಸಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅವರು ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

ಮುಂದಿನ ತಿಂಗಳು ಭೀಮೇಶನ ಕೆಲಸ ಕಾಯಂ ಆಯಿತು. ಸೌಂದರ್ಯ ಪಾಯಸ ಮಾಡಿದಳು. ಅದರಲ್ಲಿ ಏಲಕ್ಕಿ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಹೋದದ್ದು ಆರು ಲಕ್ಷ ಲೀಟರ್ ಬಗ್ಗಡ, ಅದನ್ನು ಹದಕ್ಕೆ ತಂದ ತೊಂಬತ್ತನಾಲ್ಕು ದಿನ, ಮೂವರು ಹೆಂಗಸರ ಕೆಲಸ.